ತೇಲುವ ಸೋಲಾರ್‌ಗೆ ಯಾವ ನೀರು?

ಹೀಥ್ರೂಗೆ ಇಳಿಯುವಾಗ ಕಿಟಕಿ ಸೀಟು ಸಿಕ್ಕಿದವರು ಲಂಡನ್ನಿನ ಪಶ್ಚಿಮ ಅಂಚಿನಲ್ಲಿ ದೊಡ್ಡ ದೊಡ್ಡ ಕೆರೆಗಳನ್ನು ನೋಡಿರ್ತೀರಿ. ಅವು ನಿಜವಾಗಿ ಕೆರೆಗಳಲ್ಲ. ಥೇಮ್ಸ್ ನದಿಯ ನೀರನ್ನು ಪಂಪ್ ಮಾಡಿ ತುಂಬಿಸಿಡಲು ಸುತ್ತಲೂ ಏರಿ ಕಟ್ಟಿ ಮಾಡಿದ ಜಲಾಶಯಗಳು. ಅವುಗಳಲ್ಲಿ ಒಂದು, ಗ್ರೇಟರ್ ಲಂಡನ್ನಿನ ಗಡಿ ದಾಟಿದ ಕೂಡಲೇ ವಾಲ್ಟನ್-ಆನ್-ಥೇಮ್ಸ್ ಬಳಿ ಸಿಗುವ ಕ್ವೀನ್ ಎಲಿಜಬೆತ್ ಜಲಾಶಯ. 2016ರಲ್ಲಿ ಇದರ ಒಂದು ಭಾಗದ ಮೇಲೆ 23,000ಕ್ಕೂ ಹೆಚ್ಚು ಸೋಲಾರ್ ಪ್ಯಾನೆಲ್‌ಗಳನ್ನು ತೇಲಿಬಿಟ್ಟರು. ಒಟ್ಟು 6.3 ಮೆಗಾವ್ಯಾಟ್. ಆಗ ಅದು ಯುರೋಪಿನಲ್ಲೇ ದೊಡ್ಡದು. ಬರುವ ಕರೆಂಟು ನೀರು ಶುದ್ಧೀಕರಿಸುವ ಕೆಲಸಕ್ಕೆ ಹೋಗುತ್ತದೆ. ಅಂದ್ರೆ ನಿಮ್ಮ ರೂಮಿನ ನಲ್ಲಿ ನೀರಿಗೂ ಇದಕ್ಕೂ ಸಂಬಂಧ ಇರಬಹುದು.

ಕಟ್ಟುವ ವಿಧಾನ ಸರಳ. ನಮ್ಮ ಮನೆ ತಾರಸಿ ಮೇಲಿನ ಕಪ್ಪು ನೀರಿನ ಟ್ಯಾಂಕಿನ ಜಾತಿಯದೇ ಪ್ಲಾಸ್ಟಿಕ್ಕಿನ ಟೊಳ್ಳು ಪೆಟ್ಟಿಗೆಗಳು, ಇಲ್ಲಿ ಸುಮಾರು 61,000. ಒಂದಕ್ಕೊಂದು ಕೊಂಡಿ ಹಾಕಿ, ಮೇಲೆ ಪ್ಯಾನೆಲ್ ಕೂರಿಸಿ, ನೀರಿಗೆ ತಳ್ಳೋದು. ಗಾಳಿಗೆ ಸರಿದು ಹೋಗದ ಹಾಗೆ 177 ಲಂಗರು.

ಸೋಲಾರ್ ಅಂದ ತಕ್ಷಣ ಬಿಸಿಲು ಸುಟ್ಟಷ್ಟೂ ಒಳ್ಳೇದು ಅಂದುಕೊಳ್ತೇವೆ. ಪ್ಯಾನೆಲ್‌ಗೆ ಬೇಕಿರೋದು ಬೆಳಕು, ಶಾಖ ಅಲ್ಲ. 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೆ ಉತ್ಪಾದನೆ ಸುಮಾರು ಶೇ. 0.4ರಷ್ಟು ಇಳಿಯುತ್ತದೆ. ನೀರಿನ ಮೇಲೆ ತಂಪಿರುವುದರಿಂದ ಆ ನಷ್ಟ ಸ್ವಲ್ಪ ಉಳಿಯುತ್ತೆ, ಕೆಳಗಿನ ನೀರು ಆವಿಯಾಗೋದೂ ಕಡಿಮೆಯಾಗುತ್ತೆ. ಲಂಡನ್ನಿನ ಚಳಿಯಲ್ಲಿ ಇದು ದೊಡ್ಡ ಲಾಭವೇನಲ್ಲ. ಕಲಬುರಗಿ, ವಿಜಯಪುರದ ಏಪ್ರಿಲ್ ತಿಂಗಳಿಗೆ ಇದು ಲೆಕ್ಕಕ್ಕೆ ಬರುವ ಮಾತು.

ಅದಕ್ಕಿಂತ ದೊಡ್ಡ ಕಾರಣ ಜಮೀನು. ಪಾವಗಡದ ಸೋಲಾರ್ ಪಾರ್ಕಿಗೆ, 2,050 ಮೆಗಾವ್ಯಾಟ್‌ಗೆ, ರೈತರಿಂದ ಗುತ್ತಿಗೆಗೆ ಪಡೆದಿದ್ದು ಸುಮಾರು 13,000 ಎಕರೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆ ಶುರುವಾಯಿತು. ಜಮೀನಿದ್ದವರಿಗೆ ಬಾಡಿಗೆ ಬಂತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ ಏನು ಬಂತು? ನೀರಿನ ಮೇಲೆ ಹಾಕಿದರೆ ಈ ಪ್ರಶ್ನೆಯೇ ಇಲ್ಲ ಅನ್ನೋ ಆಸೆಯಿಂದಲೇ ಎಲ್ಲರೂ ಈಗ ನೀರು ನೋಡ್ತಾ ಇರೋದು.

ಹಾಗಾದ್ರೆ ಸಮುದ್ರ? ನಾನು ಕುಂದಾಪುರದ ಕಡೆಯವನು ಅಂತ ಗೊತ್ತಾದರೆ ಇಲ್ಲಿನ ಗೆಳೆಯರು ಕೇಳುವ ಮೊದಲ ಪ್ರಶ್ನೆ ಇದೇ: "ನಿಮಗೆ ಅಷ್ಟುದ್ದ ಕಡಲಿದೆಯಲ್ಲ ಮಾರಾಯ, ಅದರ ಮೇಲೆ ಹಾಸಿಬಿಡಿ!"

ಜಾಗ ಬೇಕಾದಷ್ಟಿದೆ, ನಿಜ. ಆದರೆ ಪ್ಯಾನೆಲ್ ಒಳಗಿನ ಸಿಲಿಕಾನ್ ಬಿಲ್ಲೆಯ ದಪ್ಪ 0.2 ಮಿಲಿಮೀಟರಿಗಿಂತ ಕಡಿಮೆ, ಹಪ್ಪಳಕ್ಕಿಂತ ತೆಳು. ಅಲೆ ಹಗಲೂ ರಾತ್ರಿ ಅದನ್ನು ಬಗ್ಗಿಸುತ್ತಾ ಇದ್ದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಉಪ್ಪು ಕೇಬಲ್ ಜೋಡಣೆಗಳನ್ನು ತಿನ್ನುತ್ತದೆ. ತೇಲುಪೆಟ್ಟಿಗೆಯ ತಳಕ್ಕೆ ಚಿಪ್ಪುಗಳು ಮೆತ್ತಿಕೊಂಡು ಭಾರ ಏರುತ್ತದೆ. ಇದಕ್ಕೆ ಉಪಾಯ ಹುಡುಕುವವರು ಇದ್ದಾರೆ. ನಾರ್ವೆಯವರು ಮೀನು ಸಾಕುವ ಬಳೆಯಾಕಾರದ ತೆಪ್ಪಕ್ಕೆ ತೆಳು ಹಾಳೆ ಬಿಗಿದು ಅದರ ಮೇಲೆ ಪ್ಯಾನೆಲ್ ಮಲಗಿಸುತ್ತಾರೆ. ಡಚ್ಚರು 2019ರಿಂದ ಉತ್ತರ ಸಮುದ್ರದಲ್ಲಿ ಸಣ್ಣ ಮಟ್ಟದ ಪ್ರಯೋಗ ಮಾಡಿದ್ದಾರೆ. ಅಂದಹಾಗೆ, ಜಲಾಶಯವೂ ಪೂರ್ತಿ ಸುರಕ್ಷಿತ ಅಲ್ಲ. ಅದೇ 2019ರಲ್ಲಿ ಜಪಾನಿನ ಯಮಕುರಾ ಅಣೆಕಟ್ಟಿನ ತೇಲು ಸ್ಥಾವರವನ್ನು ಚಂಡಮಾರುತ ಮುದುರಿ ಹಾಕಿತು, ಆಮೇಲೆ ಪ್ಯಾನೆಲ್‌ಗಳಿಗೆ ಬೆಂಕಿ ಬೇರೆ ಹತ್ತಿತು.

ಯಾವ ಕಡಲು ಯೋಗ್ಯ ಅಂತ 2023ರಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯ ಸಂಶೋಧಕರು ಜಗತ್ತಿನ ನಕ್ಷೆಯನ್ನೇ ಜಾಲಾಡಿದರು. 40 ವರ್ಷಗಳ ದಾಖಲೆಯಲ್ಲಿ ಅಲೆ 6 ಮೀಟರ್ ದಾಟಬಾರದು, ಗಾಳಿ ಸೆಕೆಂಡಿಗೆ 15 ಮೀಟರ್ ದಾಟಬಾರದು. ಗೆದ್ದಿದ್ದು ಸಮಭಾಜಕ ವೃತ್ತದ ಆಸುಪಾಸಿನ ಶಾಂತ ಕಡಲುಗಳು: ಇಂಡೋನೇಷ್ಯಾ, ನೈಜೀರಿಯಾದ ಹತ್ತಿರ. ಇಂಡೋನೇಷ್ಯಾ ಒಂದರ ಸಾಧ್ಯತೆಯೇ ಇಡೀ ಜಗತ್ತು ಈಗ ಉತ್ಪಾದಿಸುವ ವಿದ್ಯುತ್ತಿನಷ್ಟು!

ನಮ್ಮ ಅರಬ್ಬೀ ಸಮುದ್ರ ಈ ಪರೀಕ್ಷೆಯಲ್ಲಿ ಫೇಲು. ಅದಕ್ಕೆ ಉಪಗ್ರಹದ ಅಂಕಿಅಂಶವೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನಿನ ಸಂತಾನ ಉಳಿಸೋದಕ್ಕೆ ಈ ನಿಷೇಧ, ಆದರೆ ನಿಷೇಧ ಇಲ್ಲದಿದ್ದರೂ ಆ ಕಡಲಿಗೆ ಹೋಗೋದಕ್ಕೆ ಗುಂಡಿಗೆ ಬೇಕು. ಮರವಂತೆಯಲ್ಲಿ ಹೆದ್ದಾರಿ ಉಳಿಸಿಕೊಳ್ಳಲು ಬಂಡೆಗಲ್ಲು ಸುರಿದಿದ್ದನ್ನು ನೋಡಿದವರಿಗೆ ಕಡಲ್ಕೊರೆತ ಅಂದ್ರೇನು ಅಂತ ವಿವರಿಸಬೇಕಿಲ್ಲ. ಜೊತೆಗೆ 2021ರ ಮೇ ತಿಂಗಳ ತೌಕ್ತೆಯಂಥ ಚಂಡಮಾರುತ. ಇನ್ನು ಉಳಿದ ಎಂಟು ಒಂಬತ್ತು ತಿಂಗಳ ಶಾಂತ ನೀರು ಖಾಲಿ ಜಾಗವೇನಲ್ಲ, ಅದು ಮೀನುಗಾರರ ದುಡಿಮೆಯ ಜಾಗ. ಸೀಬರ್ಡ್ ನೌಕಾನೆಲೆಗೆ ಊರು, ಕಡಲತೀರ ಎರಡನ್ನೂ ಬಿಟ್ಟುಕೊಟ್ಟ ಕಾರವಾರದ ಕಡೆಯವರ ಹತ್ತಿರ "ನೀರಿಗೆ ಯಾರೂ ಮಾಲೀಕರಿಲ್ಲ" ಅಂತ ಹೇಳಿ ನೋಡಿ.

ನನಗನ್ನಿಸೋದು, ಕರ್ನಾಟಕ ನೋಡಬೇಕಾದ್ದು ಕಡಲನ್ನಲ್ಲ, ಹಿನ್ನೀರನ್ನು. ತೆಲಂಗಾಣದ ರಾಮಗುಂಡಂನಲ್ಲಿ ಎನ್‌ಟಿಪಿಸಿ 2022ರಲ್ಲಿ 100 ಮೆಗಾವ್ಯಾಟ್ ತೇಲಿಸಿದ್ದು 500 ಎಕರೆ ನೀರಿನ ಮೇಲೆ. ಅದೇ ದರದಲ್ಲಿ ಪಾವಗಡದಷ್ಟು ಕರೆಂಟಿಗೆ ಸುಮಾರು 10,000 ಎಕರೆ, ಅಂದ್ರೆ 41 ಚದರ ಕಿಲೋಮೀಟರ್ ಬೇಕು. ಶರಾವತಿಯ ಲಿಂಗನಮಕ್ಕಿ ತುಂಬಿದಾಗ ಸುಮಾರು 300 ಚದರ ಕಿಲೋಮೀಟರ್. ವಿದ್ಯುತ್ ಮಾರ್ಗಗಳು ಈಗಾಗಲೇ ಅಲ್ಲಿವೆ. ಹಗಲು ಸೋಲಾರ್ ಓಡಿಸಿ, ನೀರನ್ನು ಸಂಜೆಗೆ ಉಳಿಸಿಕೊಳ್ಳಬಹುದು. ಮಳೆಗಾಲದಲ್ಲಿ ಮೋಡ ಕವಿದಾಗ ನದಿ ತುಂಬಿರುತ್ತದೆ. ಎಂಜಿನಿಯರ್ ಕಣ್ಣಿಗೆ ಇದು ಹೇಳಿ ಮಾಡಿಸಿದ ಜೋಡಿ.

ತೊಡಕುಗಳೂ ಇವೆ. ಲಂಡನ್ ಜಲಾಶಯದಂತೆ ಇಲ್ಲಿ ಕಟ್ಟಿದ ಏರಿ, ಸಮತಟ್ಟು ತಳ ಇಲ್ಲ. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಮುಳುಗಿದ್ದ ಹಳೇ ಮಡೆನೂರು ಅಣೆಕಟ್ಟೆಯೇ ಮೇಲೆ ಬರುತ್ತದೆ. ಅಷ್ಟು ಇಳಿಯುವ ನೀರಿಗೆ ಲಂಗರಿನ ಹಗ್ಗ ಎಷ್ಟುದ್ದ ಬಿಡೋದು, ತೆಪ್ಪ ಕೆಸರಿನ ಮೇಲೆ ಕೂರದ ಹಾಗೆ ಎಲ್ಲಿ ಕಟ್ಟೋದು? ಹಿನ್ನೀರಿನ ಒಂದು ಭಾಗ ಅಭಯಾರಣ್ಯದೊಳಗಿದೆ, ಅಲ್ಲಿ ಕೈ ಹಾಕುವಂತಿಲ್ಲ. ಇನ್ನೂ ಒಂದು ಮಾತು. ನಾಡಿಗೆ ಬೆಳಕು ಕೊಡಲು 1960ರ ದಶಕದಲ್ಲಿ ಮನೆ ತೋಟ ಮುಳುಗಿಸಿಕೊಂಡವರಲ್ಲಿ ಎಷ್ಟೋ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಆ ನೀರು ದಾಟಲು ಲಾಂಚನ್ನೇ ನಂಬಿದ್ದ ಸಿಗಂದೂರು ಕಡೆಯ ಜನಕ್ಕೆ ಸೇತುವೆ ಸಿಕ್ಕಿದ್ದು 2025ರಲ್ಲಿ. ಅದೇ ನೀರಿನ ಮೇಲೆ ಎರಡನೇ ಸಲ ಕರೆಂಟು ತೆಗೆಯೋದಾದರೆ, ಬಾಡಿಗೆ ಪಾವಗಡದ ಹಾಗೆ ಯಾರಿಗಾದರೂ ಸಲ್ಲಬೇಕಲ್ಲ? ನನ್ನ ಪ್ರಕಾರ ಮೊದಲ ಪಟ್ಟಿಯಲ್ಲಿ ಇರಬೇಕಾದ್ದು ಆ ಕುಟುಂಬಗಳ ಹೆಸರು, ಪ್ಯಾನೆಲ್ ಟೆಂಡರಿಗೆ ಮುಂಚೆಯೇ.