ಮಂಡಿ ಶಸ್ತ್ರಚಿಕಿತ್ಸೆ: ನೋವು ಬರುವ ಮುನ್ನವೇ ನೋವಿಗೆ ತಡೆ

ಅರವತ್ತು ದಾಟಿದ ಭಕ್ತರಲ್ಲಿ ಮಂಡಿನೋವಿಲ್ಲದವರನ್ನು ಕಾಣುವುದು ಅಪರೂಪವಾಗಿದೆ. ಆಯುರ್ವೇದವು ಸಂಧಿಗತವಾತವೆಂದು ಕರೆಯುವ ಈ ವ್ಯಾಧಿಯಲ್ಲಿ ಸ್ನೇಹನ, ಸ್ವೇದನ, ಜಾನುಬಸ್ತಿ, ಗುಗ್ಗುಳು ಕಲ್ಪಗಳು ಬಹುಕಾಲ ನೆಮ್ಮದಿ ನೀಡಬಲ್ಲವು. ಆದರೆ ಮೃದ್ವಸ್ಥಿಯು ಸಂಪೂರ್ಣ ಸವೆದು ಎಲುಬಿಗೆ ಎಲುಬು ಉಜ್ಜತೊಡಗಿ, ಕಾಲು ಬಿಲ್ಲಿನಂತೆ ಬಾಗಿ, ರಾತ್ರಿಯ ನಿದ್ರೆಯೂ ದೂರವಾದ ಮೇಲೆ ಯಾವ ತೈಲವೂ ಸವೆದುದನ್ನು ಮರಳಿ ತಾರದು. ಅಂತಹವರಿಗೆ ಶಸ್ತ್ರಚಿಕಿತ್ಸೆಯೇ ಯೋಗ್ಯವೆಂದು ಹೇಳಲು ಆಯುರ್ವೇದ ವೈದ್ಯನಾದ ನನಗೆ ಸಂಕೋಚವಿಲ್ಲ. ಜನರ ಬಾಯಲ್ಲಿ ಇದು 'ಮಂಡಿಚಿಪ್ಪು ಬದಲಾವಣೆ'. ವಾಸ್ತವದಲ್ಲಿ ಮುಖ್ಯವಾಗಿ ಬದಲಾಗುವುದು ಚಿಪ್ಪಲ್ಲ, ತೊಡೆಯೆಲುಬು ಮತ್ತು ಕಣಕಾಲೆಲುಬುಗಳ ಸವೆದ ತುದಿಗಳು.

ಈ ಚಿಕಿತ್ಸೆಗಾಗಿ ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದಲೂ ಘಟ್ಟದ ಮೇಲಿನ ಊರುಗಳಿಂದಲೂ ಜನ ಬರುತ್ತಾರೆ. ಬರಬೇಕಾದವರಲ್ಲಿ ಅನೇಕರು ಬಾರದೆ ಉಳಿಯುವುದೂ ಉಂಟು. ಕಾರಣ, ಕೊಯ್ದ ಮೇಲಿನ ನೋವಿನ ಭಯ. ನೆರೆಮನೆಯವರು ನರಳಿದ ಕಥೆ ಕೇಳಿ ವರ್ಷಗಟ್ಟಲೆ ಮುಂದೂಡುತ್ತಾ, ಅಂಗಡಿಯ ನೋವಿನ ಮಾತ್ರೆಗಳನ್ನು ನಿತ್ಯವೂ ನುಂಗಿ ಜಠರವನ್ನೂ ಮೂತ್ರಪಿಂಡಗಳನ್ನೂ ಕೆಡಿಸಿಕೊಳ್ಳುತ್ತಾರೆ. ಕೊನೆಗೆ ಮನಸ್ಸು ಮಾಡುವ ಹೊತ್ತಿಗೆ ಶರೀರವೇ ಶಸ್ತ್ರಚಿಕಿತ್ಸೆಗೆ ಒಗ್ಗದಂತಾಗಿರುತ್ತದೆ. ಆದಕಾರಣ ನೋವನ್ನು ಇಂದು ಹೇಗೆ ಮುಂಚಿತವಾಗಿ ತಡೆಯುತ್ತಾರೆಂಬುದನ್ನು ಭಕ್ತರು ಅರಿತಿರುವುದು ಒಳಿತು.

ಅರಿವಳಿಕೆಯಲ್ಲಿರುವ ರೋಗಿಗೆ ನೋವಿನ ಪ್ರಜ್ಞೆಯಿಲ್ಲ, ನಿಜ. ಆದರೆ ಪ್ರಜ್ಞೆ ತಪ್ಪಿಸಿದ ಮಾತ್ರಕ್ಕೆ ನರಗಳು ಸುಮ್ಮನಿರುವುದಿಲ್ಲ. ಕೊಯ್ದ ಜಾಗದಿಂದ ಬೆನ್ನುಹುರಿಗೆ ಸಂದೇಶಗಳು ಎಡೆಬಿಡದೆ ಹರಿಯುತ್ತವೆ. ಅವುಗಳ ಹೊಡೆತಕ್ಕೆ ಬೆನ್ನುಹುರಿಯ ನರಕೋಶಗಳು ಕೆರಳಿ ಅತಿಸೂಕ್ಷ್ಮವಾಗುತ್ತವೆ. ಮುಂದೆ ಸ್ವಲ್ಪ ಕಾಲು ಅಲುಗಿದರೂ, ಹೊದಿಕೆ ತಾಗಿದರೂ ಬಹಳ ನೋವೆನಿಸುತ್ತದೆ. ಬೆನ್ನುಹುರಿಯ ಈ ಕೆರಳುವಿಕೆಯನ್ನು ಕ್ಲಿಫರ್ಡ್ ವೂಲ್ಫ್ ಎಂಬ ವಿಜ್ಞಾನಿ 1983ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. 1988ರಲ್ಲಿ ಪ್ಯಾಟ್ರಿಕ್ ವಾಲ್ ಅವರು ಶಸ್ತ್ರಚಿಕಿತ್ಸೆಯ ನೋವನ್ನು ಶಮನ ಮಾಡುವುದಕ್ಕಿಂತ ಬಾರದಂತೆ ತಡೆಯುವ ವಿಚಾರವನ್ನು ವೈದ್ಯಲೋಕದ ಮುಂದಿಟ್ಟರು. ಮಂಡಿರೋಗಿಯ ವಿಷಯದಲ್ಲಿ ಇದಕ್ಕೆ ಇನ್ನಷ್ಟು ಮಹತ್ತ್ವವಿದೆ. ವರ್ಷಗಳ ನೋವಿನಿಂದ ಆತನ ನರಗಳು ಮೊದಲೇ ಕೆರಳಿರಬಹುದು.

ನಮ್ಮ ಆಚಾರ್ಯರಿಗೂ ಈ ದೃಷ್ಟಿ ಅಪರಿಚಿತವಲ್ಲ. ಸುಶ್ರುತನು ಚಿಕಿತ್ಸೆಯನ್ನು ಪೂರ್ವಕರ್ಮ, ಪ್ರಧಾನಕರ್ಮ, ಪಶ್ಚಾತ್ಕರ್ಮವೆಂದು ವಿಭಾಗಿಸಿದನು. ನೋವನ್ನು ಸಹಿಸಲಾರದ, ಮದ್ಯಪಾನದ ಅಭ್ಯಾಸವಿರುವ ರೋಗಿಗೆ ಶಸ್ತ್ರಕರ್ಮಕ್ಕೆ ಮೊದಲು ಊಟ ಮಾಡಿಸಿ ತೀಕ್ಷ್ಣ ಮದ್ಯ ಕುಡಿಸಬೇಕೆಂದನು. ಇದನ್ನು ಓದಿ ಯಾರೂ ಉಂಡು ಹೋಗಬಾರದು! ಇಂದಿನ ಅರಿವಳಿಕೆಯಲ್ಲಿ ಹೊಟ್ಟೆಯ ಆಹಾರ ಶ್ವಾಸನಾಳಕ್ಕೆ ನುಗ್ಗುವ ಅಪಾಯವಿರುವುದರಿಂದ ಸಾಮಾನ್ಯವಾಗಿ 6 ಗಂಟೆ ಮೊದಲೇ ಘನಾಹಾರವನ್ನೂ 2 ಗಂಟೆ ಮೊದಲೇ ನೀರನ್ನೂ ನಿಲ್ಲಿಸುತ್ತಾರೆ.

ಈಗಿನ ಪದ್ಧತಿಯಲ್ಲಿ ಒಂದೇ ಔಷಧವನ್ನು ಹೆಚ್ಚಿಸುವುದಿಲ್ಲ; ಹಲವನ್ನು ಮಿತವಾಗಿ ಕೂಡಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಒಂದೆರಡು ಗಂಟೆ ಮೊದಲು ಪ್ಯಾರಾಸಿಟಮಾಲ್ ಮತ್ತು ಸೆಲೆಕಾಕ್ಸಿಬ್‌ನಂತಹ ಮಾತ್ರೆ, ಬೆನ್ನಿಗೆ ಅರಿವಳಿಕೆ, ತೊಡೆಯ ಒಳಭಾಗದ ನರವನ್ನು ಮರಗಟ್ಟಿಸುವ ಚುಚ್ಚುಮದ್ದು, ಕೀಲಿನ ಸುತ್ತ ಶಸ್ತ್ರವೈದ್ಯರೇ ನೀಡುವ ಚುಚ್ಚುಮದ್ದು. ತೊಡೆಯ ಒಳಭಾಗದ ಚುಚ್ಚುಮದ್ದಿನಲ್ಲಿ ಸ್ನಾಯುಬಲ ಬಹುಮಟ್ಟಿಗೆ ಉಳಿಯುವುದರಿಂದ ಅಂದೋ ಮರುದಿನವೋ ನಡೆಸಲು ಸಾಧ್ಯವಾಗುತ್ತದೆ. ಬೇಗ ನಡೆದವರಲ್ಲಿ ಕಾಲಿನ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆ, ಮಂಡಿಯೂ ಬಿಗಿಯಾಗದು. ಮೂತ್ರಪಿಂಡ ಅಥವಾ ಹೃದಯದ ತೊಂದರೆಯಿರುವವರಿಗೆ ಸೆಲೆಕಾಕ್ಸಿಬ್ ಸಲ್ಲದಿರಬಹುದು. ಪ್ರೀಗ್ಯಾಬಲಿನ್ ವೃದ್ಧರಲ್ಲಿ ಮಂಪರು, ತಲೆಸುತ್ತು ತರುತ್ತದೆ. ಬಿದ್ದರೆ ಹೊಸ ಕೀಲಿಗೇ ಕುತ್ತು. ಕೊಯ್ಯುವ ಮೊದಲೇ ಕೊಟ್ಟರೆ ಮಾತ್ರ ಲಾಭವೇ, ನಂತರ ಕೊಟ್ಟರೂ ಅಷ್ಟೇ ಲಾಭವೇ ಎಂಬುದರಲ್ಲಿ ಸಂಶೋಧನೆಗಳು ಏಕಮತವಾಗಿಲ್ಲ. ಮೊದಲು, ನಡುವೆ, ಅನಂತರ ಹೀಗೆ ಮೂರೂ ಕಾಲದಲ್ಲಿ ನೋವನ್ನು ಮುಚ್ಚಿಡುವುದೇ ಸರಿಯೆಂದು ನನ್ನ ಅಭಿಪ್ರಾಯ.

ರೋಗಿಯು ಮಾಡಬೇಕಾದ ಪೂರ್ವಕರ್ಮವೂ ಇದೆ. ತಾವು ಸೇವಿಸುವ ಎಲ್ಲ ಔಷಧಗಳನ್ನು, ನಮ್ಮ ಚೂರ್ಣ, ಗುಳಿಕೆಗಳನ್ನೂ ಸೇರಿಸಿ, ಅರಿವಳಿಕೆ ತಜ್ಞರಿಗೆ ತೋರಿಸಿರಿ. 'ಇದು ಗಿಡಮೂಲಿಕೆ ತಾನೇ' ಎಂದು ಮುಚ್ಚಿಡುವುದು ಬಹುದೊಡ್ಡ ಅಪಾಯ. ಬೆಳ್ಳುಳ್ಳಿ, ಅರಶಿನದ ಗುಳಿಗೆಗಳು, ಗುಗ್ಗುಳು ಕಲ್ಪಗಳು ರಕ್ತಸ್ರಾವವನ್ನು ಹೆಚ್ಚಿಸಬಹುದು; ಅಶ್ವಗಂಧವು ಮಂಪರನ್ನು ಹೆಚ್ಚಿಸಬಹುದು. ಇವನ್ನು ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಬೇಕು. ಹೆಸರಿಲ್ಲದ ಪೊಟ್ಟಣದ 'ವಾತದ ಪುಡಿ'ಗಳಲ್ಲಿ ಸ್ಟೆರಾಯ್ಡ್ ಬೆರೆಸುವವರಿದ್ದಾರೆ. ಅದನ್ನು ಬಹುಕಾಲ ತಿಂದವರು ತಟ್ಟನೆ ನಿಲ್ಲಿಸಿದರೆ ಶಸ್ತ್ರಚಿಕಿತ್ಸೆಯ ವೇಳೆ ರಕ್ತದೊತ್ತಡ ಕುಸಿಯಬಹುದು. ಕೀಲಿನೊಳಗೆ ಸ್ಟೆರಾಯ್ಡ್ ಚುಚ್ಚುಮದ್ದು ತೆಗೆದುಕೊಂಡಿದ್ದರೆ ಮೂರು ತಿಂಗಳು ಕಾಯುವುದು ವಾಡಿಕೆ, ಸೋಂಕಿನ ಭಯದಿಂದ. ದಿನ ಸಮೀಪಿಸಿದಾಗ ಮಂಡಿಗೆ ಬಿಸಿ ಶಾಖ, ಪಟ್ಟು, ಲೇಪ ಬೇಡ. ಚರ್ಮ ಸುಟ್ಟರೆ ಅಥವಾ ಗುಳ್ಳೆಯೆದ್ದರೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡುತ್ತಾರೆ. ತೊಡೆಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಮಾತ್ರ ಕೆಲವು ವಾರ ಮೊದಲೇ ಆರಂಭಿಸಿರಿ.

ಇಷ್ಟಲಿಂಗದ ವಿಚಾರವನ್ನು ಕೆಲವರು ಹಿಂಜರಿಯುತ್ತಾ ಕೇಳುತ್ತಾರೆ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವುದರಿಂದ ಬೆಳ್ಳಿಯ ಕರಡಿಗೆ ಮೈಮೇಲಿರಲು ಬಿಡುವುದಿಲ್ಲ. ಹಿಂದಿನ ದಿನವೇ ವೈದ್ಯರೊಡನೆ ಮಾತನಾಡಿದರೆ ಎಷ್ಟು ಹೊತ್ತು ಯಾರ ಬಳಿ ಇರಿಸಬೇಕೆಂಬುದು ನಿಶ್ಚಯವಾಗಿ ಮನಸ್ಸು ನಿರಾಳವಾಗುತ್ತದೆ. ಭಯ ಕಡಿಮೆಯಾದವರಲ್ಲಿ ನೋವೂ ಕಡಿಮೆ.

ಮನೆಗೆ ಮರಳಿದ ಮೇಲೆ ನೋವು ಬಂದಾಗಷ್ಟೇ ಮಾತ್ರೆ ನುಂಗುವುದಲ್ಲ. ವೈದ್ಯರು ಹೇಳಿದಷ್ಟು ದಿನ ಗಂಟೆ ನೋಡಿ ನುಂಗಬೇಕು, ವಿಶೇಷವಾಗಿ ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ಬರುವಂತೆ. ನೆಲದ ಮೇಲೆ ಪದ್ಮಾಸನ ಹಾಕಿ ಕೂರಲು ಸಾಮಾನ್ಯವಾಗಿ ಅನುಮತಿಯಿಲ್ಲವಾದುದರಿಂದ, ಮಂಡಿಗಿಂತ ತುಸು ಎತ್ತರದ ಗಟ್ಟಿ ಕುರ್ಚಿಯೊಂದನ್ನು ಪೂಜೆಯ ಕೋಣೆಯಲ್ಲಿ ಮೊದಲೇ ಸಿದ್ಧವಾಗಿರಿಸಿರಿ.