ಕಂಚಿನ ಹಲ್ಲುಗಳಲ್ಲಿ ಆಕಾಶದ ಲೆಕ್ಕ

ಗ್ರೀಕರ ಸಾಧನೆ ಎಂದೊಡನೆ ನೆನಪಾಗುವುದು ಸಾಕ್ರೆಟಿಸ್, ಪ್ಲೇಟೋ, ಯೂಕ್ಲಿಡ್: ಅಂದರೆ ವಾದ, ಬರಹ, ರೇಖಾಗಣಿತ. ಚಿಂತನೆಯಲ್ಲಿ ಗಟ್ಟಿಗರಾದ ಅವರು ಯಂತ್ರವಿದ್ಯೆಯಲ್ಲಿ ಹಿಂದುಳಿದಿದ್ದರು ಎಂಬ ಮಾತು ಬಹುಕಾಲ ಚಲಾವಣೆಯಲ್ಲಿತ್ತು. ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿರುವ, ಕಿಲುಬು ಹಿಡಿದ ಕೆಲವು ಕಂಚಿನ ತುಂಡುಗಳು ಆ ಮಾತನ್ನು ಸುಳ್ಳು ಮಾಡಿವೆ.

1900ರಲ್ಲಿ ಸಿಮಿ ದ್ವೀಪದ ಮುಳುಗುಗಾರರು ಸ್ಪಂಜು ಹುಡುಕುತ್ತ ಆಂಟಿಕಿಥೆರಾ ಎಂಬ ಪುಟ್ಟ ದ್ವೀಪದ ಬಳಿ ಸಮುದ್ರಕ್ಕಿಳಿದರು. ಸುಮಾರು 45 ಮೀಟರ್ ಆಳದಲ್ಲಿ ಅವರಿಗೆ ಸಿಕ್ಕಿದ್ದು ಕ್ರಿ.ಪೂ. ಮೊದಲ ಶತಮಾನದಲ್ಲಿ ಮುಳುಗಿದ್ದ ಸರಕಿನ ಹಡಗು. ಕಂಚಿನ ಮತ್ತು ಅಮೃತಶಿಲೆಯ ಪ್ರತಿಮೆಗಳು, ಗಾಜಿನ ಬಟ್ಟಲುಗಳು ಮೇಲೆ ಬಂದವು. ಅವುಗಳ ನಡುವೆ ಮುದ್ದೆಗಟ್ಟಿದ್ದ ಲೋಹದ ತುಂಡನ್ನು ಯಾರೂ ಗಮನಿಸಲಿಲ್ಲ. 1902ರಲ್ಲಿ ಪುರಾತತ್ತ್ವಜ್ಞ ವಲೇರಿಯೋಸ್ ಸ್ಟಾಯಿಸ್ ಅದರಲ್ಲಿ ಹಲ್ಲಿನ ಚಕ್ರವೊಂದು ಹುದುಗಿರುವುದನ್ನು ಕಂಡರು. ಅದೇನೆಂದು ಬಿಡಿಸಲು ದಶಕಗಳೇ ಹಿಡಿದವು. ಡೆರೆಕ್ ಡಿ ಸೋಲಾ ಪ್ರೈಸ್ ಎಂಬ ವಿಜ್ಞಾನ ಇತಿಹಾಸಕಾರರು ಎಕ್ಸ್-ರೇ ಚಿತ್ರಗಳ ನೆರವಿನಿಂದ 1974ರಲ್ಲಿ ಒಳಗಿನ ಚಕ್ರಗಳ ಜೋಡಣೆಯನ್ನು ವಿವರಿಸಿದರು. 2005ರಲ್ಲಿ ಎಂಟು ಟನ್ ತೂಕದ ಸಿಟಿ ಸ್ಕ್ಯಾನ್ ಯಂತ್ರವನ್ನೇ ವಸ್ತುಸಂಗ್ರಹಾಲಯಕ್ಕೆ ತಂದು ತುಂಡುಗಳನ್ನು ಪರೀಕ್ಷಿಸಿದರು. ಇಂದು 82 ತುಂಡುಗಳು, ಅವುಗಳಲ್ಲಿ 30 ಹಲ್ಲಿನ ಚಕ್ರಗಳು, ಮೂರು ಸಾವಿರಕ್ಕೂ ಹೆಚ್ಚು ಕಿರಿದಾದ ಅಕ್ಷರಗಳು ನಮ್ಮ ಮುಂದಿವೆ.

ಇದೊಂದು ಖಗೋಳ ಗಣಕ. ಮರದ ಚೌಕಟ್ಟಿನ ಪೆಟ್ಟಿಗೆಯೊಳಗೆ ಚಕ್ರಗಳು, ಪಕ್ಕದಲ್ಲಿ ತಿರುಗಿಸುವ ಹಿಡಿಕೆ, ಹಿಂದೆ ಮುಂದೆ ಮುಳ್ಳುಗಳಿರುವ ಫಲಕಗಳು. ಹಿಡಿಕೆ ತಿರುಗಿಸಿ ಬೇಕಾದ ದಿನಾಂಕಕ್ಕೆ ತಂದರೆ ಅಂದು ಸೂರ್ಯ ಚಂದ್ರರು ರಾಶಿಚಕ್ರದಲ್ಲಿ ಎಲ್ಲಿರುತ್ತಾರೆ, ಚಂದ್ರನ ಕಲೆ ಎಷ್ಟು, ಆ ತಿಂಗಳು ಗ್ರಹಣ ಸಂಭವಿಸಬಹುದೇ ಎಂಬುದೆಲ್ಲ ಕಾಣುತ್ತಿತ್ತು. ಒಲಿಂಪಿಯಾದಂಥ ಕ್ರೀಡಾಕೂಟಗಳು ನಡೆಯುವ ವರ್ಷವನ್ನು ತೋರಿಸಲು ಬೇರೆಯೇ ಒಂದು ಪುಟ್ಟ ಫಲಕವಿತ್ತು.

ಆಕಾಶ ಹಲ್ಲುಗಳಿಗೆ ಇಳಿದದ್ದು ಹೇಗೆ? ಸೈಕಲ್ಲಿನಲ್ಲಿ ಪೆಡಲಿನ ಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 16 ಹಲ್ಲು ಇದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ ಮೂರು ಸುತ್ತು ಹಾಕುತ್ತದೆ. ಹಲ್ಲುಗಳ ಎಣಿಕೆಯೇ ಭಾಗಾಕಾರ, ಗುಣಾಕಾರ. ಇನ್ನು ಆಕಾಶದ ಎಣಿಕೆ: 19 ವರ್ಷಗಳಲ್ಲಿ ಚಂದ್ರ ನಕ್ಷತ್ರಗಳ ನಡುವೆ 254 ಸುತ್ತು ಹಾಕುತ್ತಾನೆ. ಸೂರ್ಯನ 19 ಸುತ್ತುಗಳನ್ನು ಕಳೆದರೆ ಉಳಿಯುವ 235, ಆ ಅವಧಿಯ ಹುಣ್ಣಿಮೆಗಳ ಸಂಖ್ಯೆ. ಅಥೆನ್ಸಿನ ಮೆಟನ್ ಕ್ರಿ.ಪೂ. 432ರಲ್ಲಿ ಈ ಚಕ್ರವನ್ನು ಪ್ರಚಾರಕ್ಕೆ ತಂದ. ನಮ್ಮ ಪಂಚಾಂಗದಲ್ಲೂ ಇದರ ಗುರುತು ಕಾಣಬಹುದು: 2004ರಲ್ಲಿ ಅಧಿಕ ಶ್ರಾವಣ ಬಂದಿತ್ತು, 19 ವರ್ಷ ಕಳೆದು 2023ರಲ್ಲಿ ಮತ್ತೆ ಬಂತು.

ಈ ಯಂತ್ರದಲ್ಲಿ ವರ್ಷಕ್ಕೊಂದು ಸುತ್ತು ತಿರುಗುವ ದೊಡ್ಡ ಚಕ್ರದಿಂದ ಚಂದ್ರನ ಮುಳ್ಳಿಗೆ ಮೂರು ಜೋಡಿ ಹಲ್ಲುಗಳು ಚಲನೆ ಒಯ್ಯುತ್ತವೆ: 64ಕ್ಕೆ 38, 48ಕ್ಕೆ 24, 127ಕ್ಕೆ 32. ಮೂರನ್ನೂ ಗುಣಿಸಿ ನೋಡಿ, ಬರುವುದು ಸರಿಯಾಗಿ 254ಕ್ಕೆ 19. 254 ಹಲ್ಲಿನ ದೊಡ್ಡ ಚಕ್ರ ಬೇಕಿಲ್ಲ. ಅರ್ಧ, ಅಂದರೆ 127 ಹಲ್ಲು ಸಾಕು, ಇಮ್ಮಡಿಸುವ ಕೆಲಸ 48–24ರ ಜೋಡಿಯದ್ದು.

ಇಷ್ಟಕ್ಕೇ ನಿಂತಿದ್ದರೂ ಜಾಣ್ಮೆಯೇ. ಆದರೆ ಚಂದ್ರ ಒಂದೇ ವೇಗದಲ್ಲಿ ಸಾಗುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ಚುರುಕು, ದೂರ ಹೋದಾಗ ನಿಧಾನ. ಕ್ರಿ.ಪೂ. ಎರಡನೆಯ ಶತಮಾನದ ಖಗೋಳಜ್ಞ ಹಿಪ್ಪಾರ್ಕಸ್ ಇದನ್ನು ವೃತ್ತಗಳ ಗಣಿತದಿಂದ ವಿವರಿಸಿದ್ದ. ಯಂತ್ರದಲ್ಲಿ ಅದಕ್ಕೊಂದು ಉಪಾಯವಿದೆ. 50 ಹಲ್ಲುಗಳ ಎರಡು ಚಕ್ರಗಳು ಒಂದರ ಮೇಲೊಂದು ಕೂತಿವೆ, ಅವುಗಳ ಕೇಂದ್ರಗಳ ನಡುವೆ ಒಂದು ಮಿಲಿಮೀಟರಿಗಿಂತ ಕೊಂಚ ಹೆಚ್ಚಿನ ಅಂತರ. ಕೆಳಗಿನದರ ಮೊಳೆ ಮೇಲಿನದರ ಸೀಳಿನಲ್ಲಿ ಜಾರುತ್ತ ಅದನ್ನು ತಳ್ಳುತ್ತದೆ. ಕೇಂದ್ರಗಳು ಒಂದೇ ಆಗಿಲ್ಲದ್ದರಿಂದ ಕೆಳಗಿನದು ಸಮವಾಗಿ ತಿರುಗಿದರೂ ಮೇಲಿನದು ಒಮ್ಮೆ ಬೇಗ, ಒಮ್ಮೆ ನಿಧಾನ. ಚಂದ್ರ ಚುರುಕಾಗುವ ಜಾಗವೂ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ಆಕಾಶವನ್ನು ಸುತ್ತುತ್ತದಲ್ಲ! ಅದಕ್ಕೂ ವ್ಯವಸ್ಥೆಯಿದೆ: ಈ ಜೋಡಿಯನ್ನೇ 223 ಹಲ್ಲುಗಳ ಚಕ್ರದ ಬೆನ್ನ ಮೇಲೆ ಕೂರಿಸಿ ನಿಧಾನವಾಗಿ ತಿರುಗಿಸಲಾಗಿದೆ. ಆ 223 ಕೂಡ ಸುಮ್ಮನೆ ಆರಿಸಿದ್ದಲ್ಲ. 223 ಚಾಂದ್ರಮಾಸಗಳು, ಅಂದರೆ 18 ವರ್ಷ 11 ದಿನ ಸುಮಾರು 8 ಗಂಟೆ ಕಳೆದರೆ ಗ್ರಹಣಗಳು ಹಿಂದಿನ ಸರಣಿಯಲ್ಲೇ ಮರುಕಳಿಸುತ್ತವೆ. ಹಿಂಬದಿಯ ಸುರುಳಿ ಫಲಕದಲ್ಲಿ ಆ ತಿಂಗಳುಗಳ ಮನೆಗಳಿವೆ. ಗ್ರಹಣ ಬರಬಹುದಾದ ಮನೆಗಳಲ್ಲಿ ಸೂರ್ಯ ಅಥವಾ ಚಂದ್ರನ ಗುರುತು ಮತ್ತು ಹೊತ್ತು ಕೊರೆಯಲಾಗಿದೆ.

ಗ್ರಹಣಗಳ ಈ ಲೆಕ್ಕ ಗ್ರೀಕರು ಕಂಡುಹಿಡಿದದ್ದಲ್ಲ. ಶತಮಾನಗಳ ಕಾಲ ಜೇಡಿಮಣ್ಣಿನ ಫಲಕಗಳಲ್ಲಿ ಆಕಾಶದ ದಾಖಲೆ ಇಟ್ಟ ಬ್ಯಾಬಿಲೋನಿನವರಿಂದ ಬಂದದ್ದು. ಬ್ಯಾಬಿಲೋನಿನ ಜ್ಯೋತಿಷಿಗಳು ಯಾವಾಗ ಎಂದು ಸಂಖ್ಯೆಗಳಲ್ಲಿ ಹೇಳಬಲ್ಲವರಾಗಿದ್ದರು. ಹೇಗೆ ಚಲಿಸುತ್ತದೆ ಎಂಬುದಕ್ಕೆ ಗ್ರೀಕರು ವೃತ್ತಗಳ ಚಿತ್ರ ಕೊಟ್ಟರು. ಚಿತ್ರ ಕೈಗೆ ಬಂದರೆ ಅದನ್ನು ಲೋಹದಲ್ಲಿ ಕೊರೆಯಬಹುದು. ಬರೀ ಪಟ್ಟಿಯಿಂದ ಯಂತ್ರ ಹುಟ್ಟುವುದು ಕಷ್ಟ.

ಇಂಥ ಯಂತ್ರ ಇದೊಂದೇ ಇತ್ತೇ? ಸೂರ್ಯ, ಚಂದ್ರ, ಗ್ರಹಗಳ ಚಲನೆ ತೋರುವ ಸಾಧನವನ್ನು ಆರ್ಕಿಮಿಡೀಸ್ ಮಾಡಿದ್ದನೆಂದು ರೋಮಿನ ಸಿಸೆರೊ ಬರೆದಿದ್ದಾನೆ. ತನ್ನ ಕಾಲದ ಪೊಸಿಡೋನಿಯಸ್ ಮಾಡಿದ ಇನ್ನೊಂದನ್ನೂ ಹೆಸರಿಸುತ್ತಾನೆ. ಆಂಟಿಕಿಥೆರಾದ ತುಂಡುಗಳನ್ನು ನೋಡಿದ ಮೇಲೆ ಅದನ್ನು ಅತಿಶಯೋಕ್ತಿಯೆಂದು ತಳ್ಳಿಹಾಕುವಂತಿಲ್ಲ. ಹೀಗಿದ್ದೂ ಇಷ್ಟು ಜಟಿಲವಾದ ಹಲ್ಲಿನ ಚಕ್ರಗಳು ಮತ್ತೆ ಕಾಣುವುದು 14ನೆಯ ಶತಮಾನದ ಯೂರೋಪಿನ ಖಗೋಳ ಗಡಿಯಾರಗಳಲ್ಲಿ. ಕಾರಣ ಊಹಿಸುವುದು ಕಷ್ಟವಲ್ಲ. ಪುಸ್ತಕವನ್ನು ಮತ್ತೆ ಮತ್ತೆ ನಕಲು ಮಾಡಿ ಉಳಿಸುತ್ತಾರೆ. ಕೆಟ್ಟುಹೋದ ಕಂಚಿನ ಯಂತ್ರವನ್ನು ಕರಗಿಸಿ ಬೇರೇನನ್ನೋ ಎರಕ ಹೊಯ್ಯುತ್ತಾರೆ. ಆದ್ದರಿಂದ ಗ್ರೀಕರ ಬುದ್ಧಿಯನ್ನು ಉಳಿದಿರುವ ಗ್ರಂಥಗಳಿಂದಷ್ಟೇ ಅಳೆದರೆ ಲೆಕ್ಕ ತಪ್ಪುತ್ತದೆ. ಹಿಪ್ಪಾರ್ಕಸನ ಗಣಿತ ಅರಿತು, ಅರದಿಂದ ಒಂದೊಂದೇ ಹಲ್ಲು ಕೊರೆದ ಆ ಹೆಸರಿಲ್ಲದ ಕಂಚುಗಾರನಿಗೂ ಅದರಲ್ಲಿ ಸಮಪಾಲು ಸಲ್ಲಬೇಕು.