ಹಂಪಿ ಪರಿಸರದ ಮಾಳಿಗೆ ಮನೆಗಳು

ಮಾಳಿಗೆ ಮನೆಯು ಕಲ್ಲು ಅಥವಾ ಮಣ್ಣಿನ ದಪ್ಪ ಗೋಡೆಗಳ ಮೇಲೆ ಮರದ ತೊಲೆ, ಜಂತೆಗಳನ್ನು ಹೊಂದಿಸಿ, ಅವುಗಳ ಮೇಲೆ ಮಣ್ಣು ಹಾಸಿ ಕಟ್ಟಿದ ಸಮತಟ್ಟಾದ ಛಾವಣಿಯ ಸಾಂಪ್ರದಾಯಿಕ ವಾಸದ ಮನೆ. ವಿಜಯನಗರ ಜಿಲ್ಲೆಯ ಹೊಸಪೇಟೆ, ಕಮಲಾಪುರ ಮತ್ತು ಹಂಪಿ, ಬಳ್ಳಾರಿ ಜಿಲ್ಲೆಯ ಕಂಪ್ಲಿ ಮತ್ತು ಸಂಡೂರು, ತುಂಗಭದ್ರೆಯ ಎಡದಂಡೆಯಲ್ಲಿರುವ ಕೊಪ್ಪಳ ಜಿಲ್ಲೆಯ ಆನೆಗೊಂದಿ ಮುಂತಾದ ಊರುಗಳಲ್ಲಿ ಈ ಬಗೆಯ ಮನೆಗಳಿವೆ. ಹಂಪಿಯ ಸ್ಮಾರಕ ಸಮೂಹವು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಪರಿಸರದ ಹಳೆಯ ಮನೆಯ ದುರಸ್ತಿ ಮತ್ತು ಮರುನಿರ್ಮಾಣವು ಮಾಲೀಕರ ಇಚ್ಛೆಗಷ್ಟೇ ಬಿಟ್ಟ ವಿಷಯವಾಗಿ ಉಳಿದಿಲ್ಲ. ಮನೆ ಕೈ ಬದಲಾಯಿಸುವಾಗಲೂ ಇದರ ಪರಿಣಾಮ ಕಾಣುತ್ತದೆ.

ರಚನೆ

ಬೀದಿಗೆ ತೆರೆದ ಕಟ್ಟೆ, ಅದರ ಹಿಂದೆ ಮರದ ಕಂಬಗಳ ಪಡಸಾಲೆ, ಒಳಗೆ ಕತ್ತಲೆ ಕೋಣೆಗಳು, ಅಡುಗೆಮನೆ ಮತ್ತು ಹಿತ್ತಲು ಇದರ ಸಾಮಾನ್ಯ ವಿನ್ಯಾಸ. ಗೋಡೆಗಳಿಗೆ ಸ್ಥಳೀಯ ಕಣಶಿಲೆಯನ್ನು ಸೀಳಿ, ಮಣ್ಣಿನ ಗಾರೆಯಲ್ಲಿ ಕಟ್ಟುತ್ತಾರೆ. ಗೋಡೆಯಲ್ಲಿ ದೀಪ ಮತ್ತು ಪಾತ್ರೆಗಳನ್ನು ಇಡುವ ಗೂಡುಗಳಿರುತ್ತವೆ. ಕಿಟಕಿಗಳು ಕಡಿಮೆ, ಛಾವಣಿಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬೆಳಕು ಇಳಿಯುತ್ತದೆ, ಒಲೆಯ ಹೊಗೆಯೂ ಅದರಿಂದಲೇ ಹೊರಹೋಗುತ್ತದೆ. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವ ಈ ಸೀಮೆಯಲ್ಲಿ ದಪ್ಪ ಗೋಡೆ ಮತ್ತು ಮಣ್ಣಿನ ಮಾಳಿಗೆ ಹಗಲಿನ ಶಾಖವನ್ನು ನಿಧಾನವಾಗಿ ಹೀರಿ ಒಳಗನ್ನು ತಂಪಾಗಿಡುತ್ತವೆ. ರಾತ್ರಿ ಜನ ಮಾಳಿಗೆಯ ಮೇಲೆ ಮಲಗುತ್ತಿದ್ದರು.

ಛಾವಣಿಯ ಕೆಲಸ

ಮನೆಯ ಆಯುಷ್ಯ ನಿರ್ಧಾರವಾಗುವುದು ಛಾವಣಿಯಲ್ಲಿ. ಗೋಡೆಯಿಂದ ಗೋಡೆಗೆ ಅಥವಾ ಕಂಬದಿಂದ ಕಂಬಕ್ಕೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಹಲಗೆ ಅಥವಾ ಒತ್ತಾಗಿ ಜೋಡಿಸಿದ ಕಡ್ಡಿಗಳು ಬರುತ್ತವೆ. ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣಿನ ಹಾಸು, ಎಲ್ಲಕ್ಕೂ ಮೇಲೆ ಸವುಳು ಮಣ್ಣಿನ ತೆಳುವಾದ ಪದರ. ಸವುಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಅದರ ಸೂಕ್ಷ್ಮ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತವೆ. ಬೆಳೆಗೆ ಆಗದ ಈ ಮಣ್ಣು ಮಳೆ ತಡೆಯಲು ಒದಗುವುದು ಈ ಕಾರಣದಿಂದ.

ಮುಂಗಾರಿಗೆ ಮೊದಲು ಪ್ರತಿವರ್ಷ ಮಾಳಿಗೆಯ ಬಿರುಕು ನೋಡಿ ಹೊಸ ಮಣ್ಣು ಹಾಕಬೇಕು, ನೀರು ಹೊರಹಾಕುವ ದೋಣಿಗಳನ್ನು ತೆರವುಗೊಳಿಸಬೇಕು. ಹಳೆಯ ಪದರ ಕೆರೆದು ತೆಗೆಯದೆ ಮೇಲೆ ಮೇಲೆ ಮಣ್ಣು ಹಾಕುತ್ತಾ ಹೋದರೆ ಭಾರಕ್ಕೆ ಜಂತೆ ಬಾಗುತ್ತದೆ. ಬೀಗ ಹಾಕಿ ಬಿಟ್ಟ ಮನೆ ಬೇಗ ಕೆಡುವುದು ಗೋಡೆಯ ದೋಷದಿಂದಲ್ಲ, ಎರಡು ಮೂರು ಮಳೆಗಾಲ ಮಾಳಿಗೆಯನ್ನು ಯಾರೂ ಹತ್ತಿ ನೋಡದಿರುವುದರಿಂದ. ಮೊದಲು ತೊಲೆಯ ತುದಿ ಗೋಡೆಯೊಳಗೆ ಕೊಳೆಯುತ್ತದೆ; ಹೊರಗಿನಿಂದ ಅದು ಕಾಣುವುದಿಲ್ಲ. ಹಳೆಯ ಮನೆಯನ್ನು ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದ ಭಾಗ ಇದು.

ದುರಸ್ತಿಯಲ್ಲಿ ಹೆಚ್ಚಾಗಿ ಆಗುವ ತಪ್ಪು ಸಿಮೆಂಟಿನದು. ಮಣ್ಣಿನ ಗಾರೆಯ ಗೋಡೆ ನೆಲದಿಂದ ಹೀರಿದ ತೇವವನ್ನು ಮೇಲ್ಮೈಯಿಂದ ಆರಿಸಿಕೊಳ್ಳುತ್ತದೆ. ಸಿಮೆಂಟ್ ಗಿಲಾವು ಆ ದಾರಿಯನ್ನು ಮುಚ್ಚುವುದರಿಂದ ತೇವವೂ ಉಪ್ಪೂ ಒಳಗೇ ಉಳಿದು ಗೋಡೆ ಸಡಿಲಾಗುತ್ತದೆ. ಸುಣ್ಣವನ್ನು ನೀರಿನಲ್ಲಿ ನೆನೆಸಿ, ಮರಳಿನೊಡನೆ ಅರೆದು, ಕೆಲವೆಡೆ ಬೆಲ್ಲ ಮತ್ತು ಅಳಲೆಕಾಯಿಯ ನೀರು ಬೆರೆಸಿ ತಯಾರಿಸುವ ಗಾರೆಯೇ ಇಂಥ ಗೋಡೆಗೆ ಹೊಂದುತ್ತದೆ. ಅದು ನಿಧಾನವಾಗಿ ಗಟ್ಟಿಯಾಗುವುದರಿಂದ ಕೆಲಸಕ್ಕೆ ದಿನಗಳು ಹೆಚ್ಚು ಬೇಕು.

ಮರುಬಳಕೆಯ ಯತ್ನಗಳು

ಹಳೆಯ ಮನೆಗಳನ್ನು ಕೆಡವದೆ ಬಳಸುವ ಯತ್ನ ಆನೆಗೊಂದಿಯಲ್ಲಿ ನಡೆದಿದೆ. ಕಲಾವಿದೆ ಶಮಾ ಪವಾರ್ ಅವರು 1997ರಲ್ಲಿ ಸ್ಥಾಪಿಸಿದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕರಕುಶಲ ತರಬೇತಿಯ ಜೊತೆಗೆ ಗ್ರಾಮದ ಹಳೆಯ ಕಟ್ಟಡಗಳ ಪುನರುಜ್ಜೀವನದಲ್ಲಿಯೂ ತೊಡಗಿದೆ. ಇಲ್ಲಿ ಪ್ರವಾಸಿಗರ ವಾಸ್ತವ್ಯಕ್ಕೆ ಒದಗಿಸಲಾದ ಪಾರಂಪರಿಕ ಮನೆಗಳೂ ಇವೆ. ಸಂಡೂರಿನಲ್ಲಿ ಘೋರ್ಪಡೆ ಮನೆತನದ ಶಿವವಿಲಾಸ ಅರಮನೆ ಹೋಟೆಲಾಗಿ ಬಳಕೆಯಲ್ಲಿದೆ. ಅದು ಅರಮನೆಯಾದ್ದರಿಂದ ಸಾಮಾನ್ಯ ಮಾಳಿಗೆ ಮನೆಗೆ ಮಾದರಿಯಾಗಲಾರದು. ಕಂಪ್ಲಿಯ ಕೋಟೆ ಪ್ರದೇಶದಲ್ಲಿ ಇಂದಿಗೂ ಜನವಸತಿಯಿದ್ದು, ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿನ ತಗ್ಗಿನ ಮನೆಗಳಿಗೆ ಪ್ರವಾಹದ ಭಯವಿರುತ್ತದೆ. ಮಣ್ಣಿನ ಗಾರೆಯ ಗೋಡೆಗೆ ಮಳೆಗಿಂತ ನಿಂತ ನೀರು ಹೆಚ್ಚು ಅಪಾಯಕಾರಿ.

ಕಾನೂನು ಮತ್ತು ಮಾರಾಟ

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಕನಿಷ್ಠ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಕಟ್ಟಡವಾದರೆ ಅನುಮತಿ ಪಡೆದು ದುರಸ್ತಿ ಅಥವಾ ನವೀಕರಣ ಮಾಡಬಹುದು. ನಿಯಂತ್ರಿತ ಪ್ರದೇಶದಲ್ಲಿ ನಿರ್ಮಾಣಕ್ಕೂ ಮರುನಿರ್ಮಾಣಕ್ಕೂ ಅನುಮತಿ ಬೇಕು. ಇದಲ್ಲದೆ 2002ರ ಕಾಯ್ದೆಯಡಿ ರಚಿತವಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ವ್ಯಾಪ್ತಿಗೆ ನದಿಯ ಎರಡೂ ದಂಡೆಗಳ ಗ್ರಾಮಗಳು ಬರುತ್ತವೆ.

ಇವು ಖಾಸಗಿ ಮನೆಯ ಮಾರಾಟವನ್ನು ತಡೆಯುವುದಿಲ್ಲ. ಆದರೆ ನಿಷೇಧಿತ ಪ್ರದೇಶದಲ್ಲಿ ನಿಂತಿರುವ ಹಳೆಯ ಮನೆಗೂ ಬಿದ್ದುಹೋದ ಮನೆಯ ಜಾಗಕ್ಕೂ ಅಜಗಜಾಂತರ: ಮೊದಲನೆಯದನ್ನು ದುರಸ್ತಿ ಮಾಡಿ ವಾಸಿಸಬಹುದು, ಎರಡನೆಯದರಲ್ಲಿ ಕಟ್ಟಲಾಗದು. ಹಳೆಯ ಮನೆ ಕೊಂಡು, ಕೆಡವಿ, ಹೊಸದು ಕಟ್ಟುವ ಲೆಕ್ಕ ಹಾಕಿದವರ ಕೈಯಲ್ಲಿ ಕೊನೆಗೆ ಖಾಲಿ ನಿವೇಶನ ಮಾತ್ರ ಉಳಿಯುತ್ತದೆ.

ವಾಸದ ಮನೆ ಯಾವುದು, ಸ್ಮಾರಕ ಯಾವುದು ಎಂಬ ಪ್ರಶ್ನೆ ಹಂಪಿಯಲ್ಲಿ ಕಹಿಯಾಗಿಯೇ ಎದ್ದಿದೆ. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಕಲ್ಲುಮಂಟಪಗಳಲ್ಲಿ ಕಂಬಗಳ ನಡುವೆ ಗೋಡೆ ಎತ್ತಿ ದಶಕಗಳಿಂದ ಬಾಳುತ್ತಿದ್ದ ಕುಟುಂಬಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಖಾಸಗಿ ಜಮೀನಿನ ಮೇಲೆ ಎದ್ದಿದ್ದ ರೆಸಾರ್ಟುಗಳ ತೆರವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನೆಲದ ಒಡೆತನವಿದ್ದ ಮಾತ್ರಕ್ಕೆ ಕಟ್ಟುವ ಹಕ್ಕು ಬರುವುದಿಲ್ಲವೆಂಬುದು ಆ ಪ್ರಕರಣದಲ್ಲಿ ಸ್ಪಷ್ಟವಾಯಿತು.

ಗ್ರಾಮದ ಮನೆಗೆ ಇ-ಸ್ವತ್ತು ದಾಖಲೆ, ಪಟ್ಟಣದ ಮನೆಗೆ ಖಾತೆ, ಎರಡಕ್ಕೂ ಋಣಭಾರ ಪ್ರಮಾಣಪತ್ರ ಮತ್ತು ನೋಂದಾಯಿತ ಕ್ರಯಪತ್ರ ಅಗತ್ಯ. ಮನೆ ಈಗಾಗಲೇ ದುರಸ್ತಿಯಾಗಿದ್ದರೆ ಆ ಕೆಲಸಕ್ಕೆ ದೊರೆತ ಅನುಮತಿಪತ್ರವನ್ನೂ ಕೇಳಿ ಪಡೆಯುವುದು ಒಳಿತು. ಕ್ರಯಪತ್ರದ ನೋಂದಣಿಯಿಂದ ಅನಧಿಕೃತ ನಿರ್ಮಾಣ ಸಕ್ರಮವಾಗುವುದಿಲ್ಲ.